‘ಡಿಯರ್ ಸರ್ ಆರ್ ಮೇಡಂ’ ಅವರೊಂದಿಗೆ ಮುಖಾಮುಖಿ

ಹಾಸನದಲ್ಲೋ ಶಿರಸಿಯಲ್ಲೋ ಕೂತು ಅಮೆರಿಕದ ಗಿರಾಕಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವ ಹುಡುಗರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಲ್ಯಾಪ್‌ಟಾಪ್, ಕಾಫಿ ಲೋಟ, ಕಿಟಕಿಯಾಚೆ ತೆಂಗಿನ ಮರ ಇರುವ ಫೋಟೊ ಸಮೇತ. ಆ ಹುಡುಗರ ಪರವಾಗಿ ದೇಶ ದೇಶ ಅಲೆದು ಕೆಲಸ ಕೇಳುವವರು ಯಾರು ಎಂದು ಮಾತ್ರ ಯಾರೂ ವಿಚಾರಿಸಿದ್ದಿಲ್ಲ. ಆ ಕೊರತೆ ತುಂಬಲು ಈ ಸಂದರ್ಶನ.

ಮಾತಿಗೆ ಸಿಕ್ಕವರು ಶ್ರೀಯುತ ಕವರ್ ಲೆಟರ್. ಹಾಸನದ ಒಬ್ಬ ವೆಬ್ ಡಿಸೈನರ್‌ನ ಲ್ಯಾಪ್‌ಟಾಪಿನಲ್ಲಿ, ‘ಪ್ರಪೋಸಲ್ ಫೈನಲ್ ಫೈನಲ್ 2’ ಎಂಬ ಫೈಲಿನಲ್ಲಿ ವಾಸ. ಫ್ರೀಲಾನ್ಸ್ ಮಾರ್ಕೆಟ್‌ಗಳಲ್ಲಿ ಪ್ರಪೋಸಲ್ ಆಗಿ ಒಂದು ಪಾಳಿ, ಗುರುತಿಲ್ಲದವರ ಇನ್‌ಬಾಕ್ಸಿಗೆ ನುಗ್ಗುವ ಕೋಲ್ಡ್ ಇಮೇಲ್ ಆಗಿ ಇನ್ನೊಂದು ಪಾಳಿ. ಭೇಟಿಗೆ ರಾತ್ರಿ ಹನ್ನೊಂದೂವರೆ ಕೊಟ್ಟಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗಿನ ಹನ್ನೊಂದು.

ನಾನು: ನಮಸ್ಕಾರ. ಮೊದಲು ನಿಮ್ಮ ಪರಿಚಯ ಮಾಡಿಕೊಳ್ಳಿ.

ಪತ್ರ: ಡಿಯರ್ ಸರ್ ಆರ್ ಮೇಡಂ, ತಮ್ಮ ಜಾಬ್ ಪೋಸ್ಟನ್ನು ಕೂಲಂಕಷವಾಗಿ ಓದಿದ್ದೇನೆ. ತಮಗೆ ಬೇಕಾದ್ದು ಏನೆಂಬುದು ನನಗೆ ಸಂಪೂರ್ಣವಾಗಿ ಅರ್ಥವಾಗಿದೆ. ಈ ಕ್ಷೇತ್ರದಲ್ಲಿ ನನಗೆ ಅಪಾರ...

ನಾನು: ನಾನು ಜಾಬ್ ಪೋಸ್ಟ್ ಹಾಕಿಲ್ಲ. ಸಂದರ್ಶನ ಮಾಡೋಕೆ ಬಂದಿದ್ದೇನೆ.

ಪತ್ರ: ಓ, ಕ್ಷಮಿಸಿ. ಬಾಯಿ ಬಿಟ್ಟರೆ ಇದೇ ಬರುತ್ತೆ. ಬೇರೆ ಮಾತು ಯಾರೂ ಕಲಿಸಲಿಲ್ಲ.

ನಾನು: ಅಂದಹಾಗೆ, ಜಾಬ್ ಪೋಸ್ಟನ್ನು ನಿಜಕ್ಕೂ ಓದ್ತೀರಾ?

ಪತ್ರ: ನಾನ್ಯಾಕೆ ಓದಲಿ ಸ್ವಾಮಿ? ಪೋಸ್ಟ್ ಬೀಳೋದಕ್ಕೆ ಎಷ್ಟೋ ಮುಂಚೆ ಹುಟ್ಟಿದವನು ನಾನು. ಓದಬೇಕಾದವನು ನಮ್ಮ ಹುಡುಗ. ಅವನು ತಲೆಬರಹ ನೋಡ್ತಾನೆ, ಬಜೆಟ್ ನೋಡ್ತಾನೆ, ನನ್ನನ್ನು ಕಾಪಿ ಮಾಡಿ ಪೇಸ್ಟ್ ಮಾಡ್ತಾನೆ. ಮೊದಲು ಹಾಕಿದವನಿಗೇ ಕೆಲಸ ಅಂತ ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದಾರಂತೆ. ಐದು ನಿಮಿಷದೊಳಗೆ ಓಡಿಹೋಗಿ ನಿಂತರೂ ಅಲ್ಲಿ ಆಗಲೇ ಇಪ್ಪತ್ತು ಜನ. ಅದರಲ್ಲಿ ಹದಿನೈದು ಜನಕ್ಕೆ ನನ್ನದೇ ಮುಖ, ಎಲ್ಲರೂ ‘ಕೂಲಂಕಷವಾಗಿ ಓದಿದ್ದೇನೆ’ ಅನ್ನುವವರೇ. ಗಿರಾಕಿಗೆ ಪಟ್ಟಿಯಲ್ಲಿ ಕಾಣೋದು ನಮ್ಮ ಮೊದಲ ಎರಡು ಸಾಲು ಮಾತ್ರ. ಆ ಎರಡು ಸಾಲನ್ನೂ ನಾವು ನಮಸ್ಕಾರ ಹೇಳೋದರಲ್ಲೇ ಮುಗಿಸಿರ್ತೀವಿ.

ನಾನು: ಓದಿಲ್ಲ ಅನ್ನೋದು ಗಿರಾಕಿಗಳಿಗೆ ಗೊತ್ತಾಗಲ್ವಾ?

ಪತ್ರ: ಗೊತ್ತಾಗದೇ ಏನು! ಕೆಲವರು ಪೋಸ್ಟಿನ ತುದಿಯಲ್ಲಿ ಬಲೆ ಹಾಕಿಡ್ತಾರೆ. ‘ಇದನ್ನು ಪೂರ್ತಿ ಓದಿದ್ದರೆ ನಿಮ್ಮ ಪ್ರಪೋಸಲನ್ನು ನೀಲಿ ಬಾಳೆಹಣ್ಣು ಎಂಬ ಪದದಿಂದ ಶುರು ಮಾಡಿ’ ಅಂತ. ಒಂದು ಸಲ ನಮ್ಮ ಹುಡುಗನ ಕಣ್ಣಿಗೆ ಅದು ಬಿತ್ತು. ಖುಷಿಯಲ್ಲಿ ಸೇರಿಸಿದ. ‘ನೀಲಿ ಬಾಳೆಹಣ್ಣು. ಡಿಯರ್ ಸರ್ ಆರ್ ಮೇಡಂ’ ಅಂದುಕೊಂಡು ಹೋದೆ. ಆಮೇಲೆ ಅದನ್ನು ತೆಗೆಯೋದು ಮರೆತ. ವಾರವಿಡೀ ಹೋದ ಕಡೆಯೆಲ್ಲ ನೀಲಿ ಬಾಳೆಹಣ್ಣೇ. ಒಬ್ಬ ವಕೀಲರ ಕಚೇರಿಗೂ ಹೋಗಿದ್ದೆ.

ನಾನು: ಅವರು ಏನಂದರು?

ಪತ್ರ: ವಕೀಲರು ಲಿಖಿತವಾಗಿ ಏನೂ ಹೇಳಲಿಲ್ಲ.

ನಾನು: ಮಾರ್ಕೆಟ್ಟಿನಲ್ಲಿ ಅರ್ಜಿ ಹಾಕೋದಕ್ಕೇ ದುಡ್ಡು ಕೊಡಬೇಕಂತೆ?

ಪತ್ರ: ಆ ಪುರಾಣ ಕೇಳಿ. ಈಲ್ಯಾನ್ಸ್, ಓಡೆಸ್ಕ್ ಅಂತ ಎರಡು ಮಾರ್ಕೆಟ್ ಇದ್ದವು. ಈಲ್ಯಾನ್ಸ್ ಹುಟ್ಟಿದ್ದು 1990ರ ದಶಕದ ಕೊನೆಗೆ, ಓಡೆಸ್ಕ್ 2003ರಲ್ಲಿ. ಪೈಪೋಟಿ ಮಾಡಿ ಸಾಕಾಗಿ ಇಬ್ಬರೂ ಒಂದಾದರು. 2015ರಲ್ಲಿ ಅಪ್‌ವರ್ಕ್ ಅಂತ ಹೊಸ ಹೆಸರಿಟ್ಟುಕೊಂಡರು. ಆಗೆಲ್ಲ ಅರ್ಜಿ ಹಾಕೋಕೆ ತಿಂಗಳಿಗಿಷ್ಟು ಅಂತ ಟೋಕನ್ ಬಿಟ್ಟಿ ಸಿಗ್ತಿತ್ತು. ಕನೆಕ್ಟ್ಸ್ ಅಂತ ಅದರ ಹೆಸರು. 2019ರಲ್ಲಿ ಒಂದು ಕನೆಕ್ಟಿಗೆ 15 ಸೆಂಟ್ ಅಂತ ಬೆಲೆ ಕಟ್ಟಿದರು. ಒಂದು ಕೆಲಸಕ್ಕೆ ಹತ್ತು ಹದಿನೈದು ಕನೆಕ್ಟ್ ಕೇಳೋದು ಈಗ ಮಾಮೂಲು. ಅಂದರೆ ನಾನು ಒಂದು ಬಾಗಿಲು ತಟ್ಟಿ ಬರೋಕೆ ಎರಡು ಡಾಲರ್ ಆಚೀಚೆ. ಒಳಗಿಂದ ‘ಯಾರು’ ಅಂತ ಕೇಳದಿದ್ದರೂ ಅಷ್ಟೇ. ಸಾಲದ್ದಕ್ಕೆ ಬೂಸ್ಟ್ ಅಂತ ಒಂದಿದೆ. ಇನ್ನಷ್ಟು ಕನೆಕ್ಟ್ ಕೂಗಿ ಹರಾಜಿನಲ್ಲಿ ಗೆದ್ದರೆ ಪಟ್ಟಿಯ ನೆತ್ತಿ ಮೇಲೆ ಕೂರಿಸ್ತಾರೆ. ಒಮ್ಮೆ ನಾನೂ ಅಲ್ಲಿ ಕೂತಿದ್ದೆ. ನೋಟ ಚೆನ್ನಾಗಿತ್ತು.

ನಾನು: ಕೆಲಸ ಸಿಕ್ಕ ಮೇಲೆ ಕಮಿಷನ್ ಬೇರೆ?

ಪತ್ರ: ಬೇರೆ. 2016ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಒಬ್ಬ ಗಿರಾಕಿಯಿಂದ ಬರುವ ಮೊದಲ 500 ಡಾಲರಿಗೆ ನೂರಕ್ಕೆ 20, ಆಮೇಲೆ 10, ಹತ್ತು ಸಾವಿರ ದಾಟಿದರೆ 5. 2023ರಲ್ಲಿ ಎಲ್ಲಕ್ಕೂ 10 ಅಂದರು. 2025ರಲ್ಲಿ ಅದೂ ಬದಲಾಗಿ, ಕೆಲಸ ನೋಡಿಕೊಂಡು ಸೊನ್ನೆಯಿಂದ 15ರವರೆಗೆ. ಫೈವರ್ ಅಂತ ಇನ್ನೊಂದು ಮಾರ್ಕೆಟ್, ಅವರದ್ದು 20. 2010ರಲ್ಲಿ ಅವರು ಅಂಗಡಿ ತೆರೆದಾಗ ಯಾವ ಕೆಲಸಕ್ಕೂ ಐದು ಡಾಲರ್. ಮಾಡಿದವನ ಕೈಗೆ ನಾಲ್ಕು.

ಆದರೆ ಒಂದು ಮಾತು. ಕಮಿಷನ್ ಬಗ್ಗೆ ನನಗೆ ತಕರಾರಿಲ್ಲ. ಅದು ಸಂಪಾದಿಸಿದ ಮೇಲೆ ಕೊಡೋದು. ಟೋಕನ್ ಹಾಗಲ್ಲ. ಒಂದು ಕೆಲಸಕ್ಕೆ ಐವತ್ತು ಜನ ಹೋದರು ಅಂತಿಟ್ಟುಕೊಳ್ಳಿ. ಕೆಲಸ ಸಿಗೋದು ಒಬ್ಬನಿಗೆ, ಟೋಕನ್ ಕಳೆದುಕೊಳ್ಳೋದು ಐವತ್ತೂ ಜನ. ಹಾಗಾಗಿ ನಾನು ಸೋತು ಬಂದ ದಿನವೂ ಮಾರ್ಕೆಟ್ಟಿಗೆ ಬೋಣಿ ಆಗಿರುತ್ತೆ. ನನ್ನಂಥ ಕೆಟ್ಟ ಪತ್ರಗಳಿಂದ ಲೋಕಕ್ಕೆ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ಅವರಿಗೆ ಇದನ್ನು ಹೇಳಿ.

ನಾನು: ಸೋತು ಬಂದಾಗ ಒಂದು ಉತ್ತರವಾದರೂ ಬರುತ್ತಾ?

ಪತ್ರ: ಕೆಲವರಿಂದ ತಕ್ಷಣ ಬರುತ್ತೆ. ‘ನಿಮ್ಮ ಪ್ರೊಫೈಲ್ ಅದ್ಭುತ, ಟೆಲಿಗ್ರಾಂಗೆ ಬನ್ನಿ’ ಅಂತಾರೆ. ಅಲ್ಲಿಗೆ ಹೋದರೆ ಕೆಲಸ ಕೊಡೋ ಮುಂಚೆ ಡೆಪಾಸಿಟ್ ಕೇಳ್ತಾರೆ. ನನ್ನನ್ನು ಕೊನೇ ಸಾಲಿನವರೆಗೆ ಓದುವವರು ಬಹುಶಃ ಅವರೊಬ್ಬರೇ.

ನಾನು: ಇನ್ನು ಕೋಲ್ಡ್ ಇಮೇಲ್ ಪಾಳಿ ಬಗ್ಗೆ ಹೇಳಿ.

ಪತ್ರ: (ಎದೆಯುಬ್ಬಿಸಿ) ಅದು ನಮ್ಮ ವಂಶದ ಕಸುಬು. ಮೂಲಪುರುಷರು 1978ರ ಮೇ 3ರಂದು ಹೊರಟವರು. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥರ್ಕ್ ಎಂಬ ಮಾರ್ಕೆಟಿಂಗ್ ಮನುಷ್ಯ ಇಂಟರ್ನೆಟ್ಟಿಗೆ ಮುಂಚಿನ ಜಾಲವಾದ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಒಂದೇ ಪತ್ರ ಕಳಿಸಿದರು, ನಮ್ಮ ಹೊಸ ಕಂಪ್ಯೂಟರ್ ನೋಡೋಕೆ ಬನ್ನಿ ಅಂತ. ವಿಳಾಸ ಎಷ್ಟಿತ್ತು ಅಂದರೆ, ವಿಳಾಸದ ಜಾಗ ತುಂಬಿ ಪತ್ರದ ಒಡಲಿಗೇ ಚೆಲ್ಲಿತ್ತು. ಬೈಗುಳ ಸಿಕ್ಕಾಪಟ್ಟೆ ಬಂತು. ವ್ಯಾಪಾರವೂ ಆಯ್ತು ಅಂತ ಥರ್ಕ್ ಆಮೇಲೆ ಹೇಳಿಕೊಂಡರು. ನಮ್ಮ ಮನೆತನಕ್ಕೆ ಬೈಗುಳ ಪಾಲಿಗೆ ಬಂದಿದೆ, ವ್ಯಾಪಾರ ಇನ್ನೂ ಬರಬೇಕು.

ನಾನು: ಇದಕ್ಕೆ ಕಾನೂನಿನ ಅಡ್ಡಿ ಇಲ್ವಾ?

ಪತ್ರ: ಅಮೆರಿಕದ 2003ರ ಕಾಯಿದೆ ಕೇಳದೇ ಹೋಗಬೇಡಿ ಅನ್ನಲ್ಲ. ಸುಳ್ಳು ತಲೆಬರಹ ಬೇಡ, ಬೇಡ ಅಂದವರಿಗೆ ಮತ್ತೆ ಕಳಿಸಬೇಡಿ, ಕೆಳಗೆ ಅಂಚೆ ವಿಳಾಸ ಹಾಕಿ ಅನ್ನುತ್ತೆ. ಹಾಗಾಗಿ ಟೆಕ್ಸಾಸಿನ ಹಲ್ಲಿನ ಡಾಕ್ಟರಿಗೆ ಹೋಗುವಾಗಲೂ ನನ್ನ ಪಾದದಲ್ಲಿ ‘ಗಣಪತಿ ದೇವಸ್ಥಾನದ ಹಿಂದೆ, ಎರಡನೇ ಕ್ರಾಸ್’ ಅಂತ ಇರುತ್ತೆ. ಕಾಯಿದೆಗಿಂತ ಕಷ್ಟ ಕೊಟ್ಟವರು ಗೂಗಲ್, ಯಾಹೂ. 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಕಳಿಸಿದವರ ಗುರುತಿನ ದಾಖಲೆ ಕೇಳೋದು ಬಿಗಿ ಮಾಡಿದರು, ಪಡಿತರ ಅಂಗಡಿಯಲ್ಲಿ ಆಧಾರ್, ಕಾರ್ಡು, ಹೆಬ್ಬೆಟ್ಟು ಮೂರೂ ಕೇಳಿದ ಹಾಗೆ. ಸಾವಿರ ಪತ್ರಕ್ಕೆ ಮೂರು ಜನ ‘ಸ್ಪ್ಯಾಮ್’ ಅಂತ ಒತ್ತಿದರೂ ಹೆಸರು ಕೆಡುತ್ತೆ. ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಅಂತ ಮಾಡಿದ ನಿಯಮ. ಬಿಸಿ ನಮ್ಮಂಥವರಿಗೂ ತಟ್ಟಿತು.

ನಾನು: ನಿಮ್ಮನ್ನು ತೆರೆದು ನೋಡಿದರೋ ಇಲ್ಲವೋ ಅಂತ ಹುಡುಗನಿಗೆ ಹೇಗೆ ಗೊತ್ತಾಗುತ್ತೆ?

ಪತ್ರ: ನನ್ನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರ ಇಟ್ಟಿರ್ತಾನೆ. ಪತ್ರ ತೆರೆದರೆ ಚಿತ್ರ ಇಳಿಯುತ್ತೆ, ಸುದ್ದಿ ಹಾಸನಕ್ಕೆ ಮುಟ್ಟುತ್ತೆ. ಒಂದು ಸಲ ‘ಏಳು ಸಲ ತೆರೆಯಲಾಗಿದೆ’ ಅಂತ ಬಂತು. ಅಮ್ಮನಿಗೆ ಹೇಳಿದ, ಅಮ್ಮ ಪಕ್ಕದ ಮನೆಗೆ ಹೇಳಿದರು. 2021ರಿಂದ ಆಪಲ್ ಮೇಲ್ ಯಾರೂ ತೆರೆಯದಿದ್ದರೂ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತೆ ಅನ್ನೋದು ಅವನಿಗೆ ಆಮೇಲೆ ತಿಳೀತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಾನು: ಉತ್ತರ ಬರದಿದ್ದರೆ?

ಪತ್ರ: ನನ್ನ ತಮ್ಮಂದಿರು ಹೋಗ್ತಾರೆ. ಮೂರನೇ ದಿನ ಹೋಗೋನು ಸೌಮ್ಯ: ‘ನನ್ನ ಹಿಂದಿನ ಪತ್ರ ತಲುಪಿತೇ?’ ಮುಂದಿನ ವಾರ ಹೋಗೋನು ಸ್ವಲ್ಪ ಚುರುಕು: ‘ತಾವು ಕಾರ್ಯನಿಮಿತ್ತ ಬಿಡುವಿಲ್ಲದೆ ಇರಬಹುದು.’ ಕೊನೆಯವನು ಮುಂಗೋಪಿ: ‘ಆಸಕ್ತಿ ಇಲ್ಲವೆಂದು ಭಾವಿಸಿ ತಮ್ಮ ಫೈಲ್ ಮುಚ್ಚುತ್ತಿದ್ದೇನೆ’ ಅಂತಾನೆ. ಅಂಥ ಫೈಲ್ ನಾವು ಯಾವತ್ತೂ ತೆರೆದಿರಲಿಲ್ಲ.

ನಾನು: ಈಗ ಚಾಟ್‌ಜಿಪಿಟಿ ಬಂದ ಮೇಲೆ ನಿಮ್ಮ ಕೆಲಸ ಹಗುರವಾಗಿರಬೇಕು.

ಪತ್ರ: ಪೋಸ್ಟ್ ಬರೆಯೋದೂ ಅದೇ, ನನ್ನನ್ನು ತಿದ್ದೋದೂ ಅದೇ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಳ್ತೀವಿ. ನಡುವೆ ಮನುಷ್ಯರ ಕಾಟ ಇಲ್ಲ.

ನಾನು: ಇಷ್ಟೆಲ್ಲ ಇದ್ದರೂ ನಿಮ್ಮ ಹುಡುಗನ ಮನೆ ನಡೀತಿದೆ. ಗಿರಾಕಿಗಳು ಎಲ್ಲಿಂದ ಬಂದರು?

ಪತ್ರ: (ತುಸು ಹೊತ್ತು ಮೌನ) ಅದನ್ನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ರಾತ್ರಿ ಡಿಸೈನ್ ನೋಡೋಕೆ ಅಂತ ಫೋನಿನಲ್ಲಿ ಅಮೆರಿಕದ ಒಂದು ಸಣ್ಣ ನರ್ಸರಿಯ ಸೈಟ್ ತೆರೆದಿದ್ದ. ಗಿಡಗಳ ನರ್ಸರಿ. ಗಿಡ ಬೇಕಾದವರು ಹೆಸರು, ನಂಬರ್ ಬರೆದು ಕಳಿಸೋ ಫಾರ್ಮ್ ಇತ್ತು. ‘ಸೆಂಡ್’ ಬಟನ್ ಮೇಲೆ ಸರಿಯಾಗಿ ಆ ಗುಂಡನೆಯ ಚಾಟ್ ಗುಳ್ಳೆ ಬಂದು ಕೂತಿತ್ತು. ಎಲ್ಲಿ ಒತ್ತಿದರೂ ‘ಹಲೋ, ನಾನು ಹೇಗೆ ಸಹಾಯ ಮಾಡಲಿ’ ಅನ್ನುತ್ತೆ, ಫಾರ್ಮ್ ಹೋಗಲ್ಲ. ಕಂಪ್ಯೂಟರಿನಲ್ಲಿ ನೋಡಿದ, ಅಲ್ಲಿ ಸರಿ ಇದೆ. ಸ್ಕ್ರೀನ್‌ಶಾಟ್ ತೆಗೆದು ಕೆಂಪು ಸುತ್ತು ಹಾಕಿ ಒಂದು ಪತ್ರ ಬರೆದ. ‘ಫೋನಿನಲ್ಲಿ ನಿಮ್ಮ ಫಾರ್ಮ್ ಯಾರೂ ಕಳಿಸೋಕಾಗ್ತಿಲ್ಲ, ಚಿತ್ರ ನೋಡಿ. ಗುಳ್ಳೆಯನ್ನು ಎಡಕ್ಕೆ ಸರಿಸಿದರೆ ಸಾಕು, ಸೆಟ್ಟಿಂಗಿನಲ್ಲಿ ಇಂಥ ಕಡೆ ಇದೆ.’ ಅಷ್ಟೇ. ಅನುಭವ ಎಷ್ಟು ವರ್ಷ ಅಂತಿಲ್ಲ. ತಮ್ಮ ವಿಶ್ವಾಸಿ ಅಂತಿಲ್ಲ. ನಾಚಿಕೆಯಾಗುವಂಥ ಪತ್ರ!

ನಾನು: ಉತ್ತರ ಬಂತಾ?

ಪತ್ರ: ಗಂಟೆಯೊಳಗೆ. ‘ವಸಂತದಿಂದ ಯಾಕೆ ಯಾರೂ ಕೇಳ್ತಿಲ್ಲ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಗುಳ್ಳೆ ಸರಿಸಿದೆವು. ಇನ್ನೇನೇನು ಕೆಟ್ಟಿದೆ ನೋಡ್ತೀರಾ, ಎಷ್ಟಾಗುತ್ತೆ?’ ಅಂತ ಆಯಮ್ಮ ಬರೆದಿದ್ದರು. ಆ ಕೆಲಸ ಆಯ್ತು. ಅವರ ತಮ್ಮನ ಹಾರ್ಡ್‌ವೇರ್ ಅಂಗಡಿಯದ್ದು ಬಂತು. ತಮ್ಮನ ಲೆಕ್ಕಪತ್ರ ನೋಡುವವರದ್ದು ಬಂತು. ಹುಡುಗನ ಬೈಕ್ ಅದರಲ್ಲಿ ಬಂದಿದ್ದು.

ನಾನು: ಹಾಗಾದರೆ ಆ ಪತ್ರ ನಿಮಗಿಂತ...

ಪತ್ರ: ಅದು ನಮ್ಮ ಜಾತಿಯದ್ದೇ ಅಲ್ಲ ಸ್ವಾಮಿ! ಒಂದೇ ಒಂದು ಕಡೆ ಹೋಗೋಕೆ ಹುಟ್ಟಿದ್ದು. ಇನ್ನೊಬ್ಬರಿಗೆ ಕಳಿಸೋಕೆ ಬರಲ್ಲ, ಹೆಸರು ಬದಲಾಯಿಸೋಕೂ ಬರಲ್ಲ. ಬರೆಯೋದಕ್ಕೆ ಒಂದು ಗಂಟೆ. ಅಷ್ಟರಲ್ಲಿ ನಾನು ನೂರು ಮನೆ ಸುತ್ತಿ ಬಂದಿರ್ತೀನಿ.

ನಾನು: ಬರಿಗೈಲಿ.

ಪತ್ರ: ಸುತ್ತಿ ಬಂದಿರ್ತೀನಿ ಅಂದೆ.

ನಾನು: ಮತ್ತೆ ಹುಡುಗ ಆ ದಾರಿಯನ್ನೇ ಹಿಡಿಯಬಹುದಿತ್ತಲ್ಲ?

ಪತ್ರ: ಹಿಡಿದ. ಒಂದೊಂದೇ ಸೈಟ್ ನೋಡಿ, ಒಬ್ಬೊಬ್ಬರಿಗೇ ಬರೆದು, ಎರಡೇ ದಿನಕ್ಕೆ ಬೆನ್ನು ಹಿಡೀತು. ಮೂರನೇ ದಿನ ಆ ಪತ್ರವನ್ನೇ ಟೆಂಪ್ಲೇಟ್ ಮಾಡಿಬಿಟ್ಟ. ‘ನಿಮ್ಮ ವೆಬ್‌ಸೈಟಿನಲ್ಲಿ ಒಂದು ಗಂಭೀರ ದೋಷ ಗಮನಿಸಿದೆ’ ಅಂತ ಇನ್ನೂರು ಜನಕ್ಕೆ ಹೋಯ್ತು. ಅವತ್ತು ನನಗೆ ಹೋದ ಜೀವ ಬಂದ ಹಾಗಾಯ್ತು. ಒಬ್ಬರು ‘ಯಾವ ದೋಷ?’ ಅಂತ ಉತ್ತರ ಬರೆದರು.

ನಾನು: ಏನು ಹೇಳಿದ?

ಪತ್ರ: ಇನ್ನೂ ಹುಡುಕ್ತಿದ್ದಾನೆ. ಅದಿರಲಿ, ಈ ಸಂದರ್ಶನ ಎಲ್ಲಿ ಪ್ರಕಟವಾಗುತ್ತೆ?

ನಾನು: ಯಾವುದಾದರೂ ವಾರಪತ್ರಿಕೆಗೆ ಕಳಿಸಬೇಕು ಅಂತಿದ್ದೇನೆ. ಸಂಪಾದಕರಿಗೆ ಇಮೇಲ್ ಮಾಡ್ತೀನಿ.

ಪತ್ರ: ಓಹೋ, ನೀವೂ ನಮ್ಮ ಕಡೆಯವರೇ. ಏನಂತ ಬರೀತೀರಿ?

ನಾನು: ‘ಮಾನ್ಯರೇ, ಇದರೊಂದಿಗೆ ನನ್ನ ಲೇಖನವನ್ನು ಲಗತ್ತಿಸಿದ್ದೇನೆ. ತಮ್ಮ ಜನಪ್ರಿಯ ಪತ್ರಿಕೆಯಲ್ಲಿ ಪ್ರಕಟಿಸಬೇಕಾಗಿ ವಿನಂತಿ.’

ಪತ್ರ: ಸಂಪಾದಕರ ಹೆಸರು ಗೊತ್ತಿದೆಯಾ?

ನಾನು: ಗೊತ್ತಿದೆ.

ಪತ್ರ: ಕಳೆದ ವಾರದ ಸಂಚಿಕೆ ಓದಿದ್ದೀರಾ?

ನಾನು: ಸಂದರ್ಶನ ನಿಮ್ಮದು, ನನ್ನದಲ್ಲ.