ಕಂಡಿಕಿ ಮತ್ತು ಮನಿಲಾ: ಒಂದು ತೌಲನಿಕ ಅಧ್ಯಯನ

ಬೆಂಗಳೂರಿನ ಕಾಲ್ ಸೆಂಟರಿನ ಕೆಲಸ ಮನಿಲಾಕ್ಕೆ ಹಾರಿದರೆ ಅದಕ್ಕೆ ಉದ್ಯೋಗನಷ್ಟ ಎನ್ನುತ್ತಾರೆ. 2010ರ ಹೊತ್ತಿಗೆ ಈ ಫೋನಿನ ದಂಧೆಯಲ್ಲಿ ಫಿಲಿಪ್ಪೀನ್ಸ್ ಭಾರತವನ್ನು ಹಿಂದೆ ಹಾಕಿದಾಗ ಪಂಡಿತರು ಸಾಕಷ್ಟು ಮರುಗಿದರು. ನೇಕಾರರ ಊರಾದ ರಬಕವಿಯಲ್ಲಿ ಇಂಥ ನಷ್ಟವೇ ಆಗಿಲ್ಲವೆಂದು ಸಪ್ರಮಾಣವಾಗಿ ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಹಾಯಕ ಸೇವೆಯೊಂದು ವಿದೇಶಕ್ಕೆ ಹೋಗುವುದೇ ಉದ್ಯೋಗನಷ್ಟ ತಾನೆ? ಮೊದಲು ವಿದೇಶದ ಲಕ್ಷಣ. 1948ಕ್ಕೆ ಮುಂಚೆ ರಬಕವಿ ಸಾಂಗಲಿ ಸಂಸ್ಥಾನದ್ದು, ಮಗ್ಗುಲ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ನೂಲು ತರಲು ಬನಹಟ್ಟಿಗೆ ನಡೆದವ ಶಾಸ್ತ್ರರೀತ್ಯಾ ವಿದೇಶಯಾತ್ರೆ ಮುಗಿಸಿ ಊಟದ ಹೊತ್ತಿಗೆ ಮನೆಗೆ ಬರಬಹುದಿತ್ತು. ಇಂಥ ಊರಿಗೆ ಬಟ್ಟೆಯ ಊರಾದ ಸೂರತ್ ವಿದೇಶವೇ ಎನ್ನಲು ಅಡ್ಡಿಯಿಲ್ಲ.

ಇನ್ನು ಸಹಾಯಕ ಸೇವೆ. ಕುಣಿಮಗ್ಗದಲ್ಲಿ ಕೂತವ ನೇಕಾರ. ಕಾರ್ಡು, ಸಾಲ, ಸಂಘದ ಸದಸ್ಯತ್ವ ಎಲ್ಲ ಅವನ ಹೆಸರಿಗೆ. ಅವನ ಹಿಂದೆ ರಾಟಿಯ ಮುಂದೆ ಕೂತು, ಬಲಗೈಯಲ್ಲಿ ಚಕ್ರ ತಿರುವುತ್ತ, ಎಡಗೈ ಬೆರಳ ಸಂದಿನಿಂದ ನೂಲು ಜಾರಿಸುತ್ತ ಕಂಡಿಕಿ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುವಾಕೆ ಯಾರು? ‘ಮನೆಯವರು.’ ಹಂಚಿನ ಮೇಲಿನ ರೊಟ್ಟಿ ತಿರುವಿ ಬಂದು ಕಡಿದ ಎಳೆಗೆ ಗಂಟು ಹಾಕುವವಳೂ ಆಕೆಯೇ. ಕಂಡಿಕಿ ತೀರಿದರೆ ಲಾಳಿ ಖಾಲಿ, ಮಗ್ಗ ಬಂದ್. ಆದರೂ ಆಕೆಯ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

1985ರಲ್ಲಿ ಕೇಂದ್ರ ಸರಕಾರ ಕೈಮಗ್ಗ ಮೀಸಲು ಕಾಯ್ದೆ ತಂದಿತು. ಮೊದಲು 22 ಬಗೆಯ ಬಟ್ಟೆ ಮೀಸಲು, ಮುಂದೆ 11. ಕಾಯ್ದೆ ಸೀರೆಯನ್ನು ಕಾಯಿತು (ಕಾಗದದ ಮೇಲಂತೂ ಹೌದು), ಕಂಡಿಕಿಯನ್ನಲ್ಲ. ವಿದ್ಯುತ್ ಮಗ್ಗ ಬಂತು, ಕಂಡಿಕಿ ಸುತ್ತಲು ಮೋಟರು ಬಂತು, ಗಂಜಿ ಹಾಕಿದ ಹಾಸು ಬೀಮಿಗೆ ಸುತ್ತಿಕೊಂಡೇ ಬಂತು, ಕೊನೆಗೆ ಸೂರತ್ತಿನಿಂದ ಸೀರೆಯೇ ಬಂತು.

ಇಷ್ಟಾದರೂ ನಷ್ಟವಿಲ್ಲ. ಹೇಗೆಂದರೆ, ಉದ್ಯೋಗ ಹೋಗಬೇಕಾದರೆ ಮೊದಲು ಉದ್ಯೋಗ ಇರಬೇಕು. ಆಕೆಗೆ ನೇಮಕಾತಿ ಪತ್ರವೇ ಇರಲಿಲ್ಲ. ವಜಾ ಪತ್ರ ಕೊಡುವುದಾದರೂ ಯಾವುದಕ್ಕೆ? ಕಾಲ್ ಸೆಂಟರಿನ ಹುಡುಗನ ದುಃಖವನ್ನು ಸಂಬಳದ ಚೀಟಿ ಹಿಡಿದು ಲೆಕ್ಕ ಹಾಕಬಹುದು. ಚೀಟಿಯಿಲ್ಲದ ದುಃಖ ಅರ್ಥಶಾಸ್ತ್ರದಲ್ಲಿ ಸೊನ್ನೆ.

ಪೂರ್ವಪಕ್ಷದಿಂದ ರಬಕವಿಯ ಅಜ್ಜಿಯೊಬ್ಬಳು ಎದ್ದು, ‘ಏನ್ರೀ ಸರ, ದಿನಾ ಬುಟ್ಟಿ ತುಂಬ ಕಂಡಿಕಿ ಸುತ್ತೇನಿ, ಅದಕ್ಕ ಕೆಲಸ ಅನ್ನೂದಿಲ್ಲಂದ್ರ ಏನಂತೀರಿ?’ ಎಂದು ಕೇಳಬಹುದು. ಕೌಟುಂಬಿಕ ಸಹಕಾರ ಎನ್ನುತ್ತೇವೆ. ‘ಹಂಗಾದ್ರ ಈಗ ಮಂದಿ ಹೊಲಕ್ಕ ಕಬ್ಬಿನ್ಯಾಗಿನ ಕಸ ತಗ್ಯಾಕ ಹೊಂಟೇನಲ್ಲ, ಕೂಲಿ ಕೊಡ್ತಾರ, ಅದು?’ ಅದು ಉದ್ಯೋಗ. ಅಂದರೆ ಮಗ್ಗ ನಿಂತ ಮೇಲೆ ಊರಿನಲ್ಲಿ ಉದ್ಯೋಗ ಒಂದು ಹೆಚ್ಚಿದೆ. ಪ್ರಬಂಧದ ಮುಂದಿನ ಆವೃತ್ತಿಯಲ್ಲಿ ಇದನ್ನು ಪ್ರಗತಿಯ ಕೋಷ್ಟಕಕ್ಕೆ ಸೇರಿಸಲಾಗುವುದು.