ದಿಲ್ಲಿಯ ಹೊಗೆಯಲ್ಲಿ ಪರಿಸರಪ್ರೇಮಿಯಾಗಿ ಬಾಳುವ ಕ್ರಮ

ಮೊದಲು ಹಂಗಾಮು ಗೊತ್ತುಮಾಡಿಕೊಳ್ಳಿ. ದಿಲ್ಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್, ಎಲ್ಲಿ ಮನೆ ಮಾಡಿದ್ದರೂ ಪರಿಸರಪ್ರೇಮವನ್ನು ವರ್ಷವಿಡೀ ಖರ್ಚು ಮಾಡಬೇಡಿ. ಅಕ್ಟೋಬರಿನಲ್ಲಿ ಬೀದಿಬದಿಯ ಸಪ್ತಪರ್ಣಿ ಮರಗಳು ಹೂಬಿಟ್ಟು ತಲೆ ಭಾರವಾಗತೊಡಗಿದಾಗ ಶುರುಮಾಡಿ. ದೀಪಾವಳಿಯ ಮರುದಿನ ಏರುದನಿಗೆ ತನ್ನಿ. ಫೆಬ್ರುವರಿಯಲ್ಲಿ ಗಾಳಿ ಬೀಸಿ ಆಕಾಶ ನೀಲಿಗೆ ತಿರುಗಿದ ದಿನವೇ ನಿಲ್ಲಿಸಿಬಿಡಿ. ಮೇ ತಿಂಗಳ ಬಿಸಿಲಲ್ಲಿ ಯಾರಾದರೂ ಓಜೋನ್ ಹೆಚ್ಚಾಗಿದೆ ಎಂದು ಹೇಳಿದರೆ, "ಅದು ಆಕಾಶದಲ್ಲಿ ಮೇಲಿರೋದಲ್ವಾ?" ಎಂದು ಕೇಳಿ ಮಜ್ಜಿಗೆ ಕೊಟ್ಟು ಕಳಿಸಿ.

ಆಮೇಲೆ ಅಂಕಿಗಳನ್ನು ಬಾಯಿಪಾಠ ಮಾಡಿ. ಏನಾದರೂ ಮಾಡುವುದಕ್ಕಲ್ಲ, ಹೇಳುವುದಕ್ಕೆ. ವಾಯು ಗುಣಮಟ್ಟದ ಸೂಚ್ಯಂಕ ಎಕ್ಯೂಐ 200 ದಾಟಿದರೆ ಗ್ರಾಪ್ ಎಂಬ ಕ್ರಿಯಾಯೋಜನೆಯ ಒಂದನೆಯ ಹಂತ, 300 ದಾಟಿದರೆ ಎರಡು, 400 ದಾಟಿದರೆ ಮೂರು, 450 ದಾಟಿದರೆ ನಾಲ್ಕು. "ಇವತ್ತು ಮೂರು ಬಿತ್ತು" ಎಂದು ಲಿಫ್ಟಿನಲ್ಲಿ ಗಂಭೀರವಾಗಿ ಹೇಳಿ. ಒಂದೇ ಆ್ಯಪ್ ನಂಬಬೇಡಿ, ಎರಡಿಟ್ಟುಕೊಳ್ಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' 500ಕ್ಕೆ ನಿಂತುಬಿಡುತ್ತದೆ. ವಿದೇಶಿ ಆ್ಯಪ್‌ಗಳ ಲೆಕ್ಕದ ದಾರಿ ಬೇರೆ, ಅವು ಕೆಟ್ಟ ದಿನಗಳಲ್ಲಿ ಸಾವಿರವನ್ನೂ ದಾಟಿಸುತ್ತವೆ. ಊರಿಗೆ ಫೋನ್ ಮಾಡುವಾಗ ದೊಡ್ಡ ಅಂಕಿ ಹೇಳಿ. ಚಳಿಗಾಲದಲ್ಲಿ ಆಗ್ರಾ ನೋಡಲು ನೆಂಟರು ಹೊರಟಿದ್ದರೆ ಅದನ್ನೇ ಇನ್ನೊಮ್ಮೆ ಹೇಳಿ. ಫ್ಲ್ಯಾಟು ಮಾರುವಾಗ ಮಾತ್ರ ಸಮೀರ್ ತೋರಿಸಿ. 2024ರ ನವೆಂಬರ್ 18ರಂದು ದಿಲ್ಲಿಯ ದಿನದ ಸರಾಸರಿ 494 ಮುಟ್ಟಿತ್ತಲ್ಲ, ಆ ಸ್ಕ್ರೀನ್‌ಶಾಟ್ ಅಳಿಸಬೇಡಿ. ಬೆಂಗಳೂರಿನವರು ಸಿಲ್ಕ್ ಬೋರ್ಡಿನ ಟ್ರಾಫಿಕ್ ಕಷ್ಟ ಹೇಳಲು ಬಾಯಿ ತೆರೆದಾಗ ಉಪಯೋಗಕ್ಕೆ ಬರುತ್ತದೆ. ಪಿಎಂ 2.5 ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40 ಎಂದು ಯಾರಾದರೂ ತಗಾದೆ ತೆಗೆದರೆ, ಜಿನೀವಾದಲ್ಲಿ ಕೂತವರ ಶ್ವಾಸಕೋಶ ನಾಜೂಕು ಎಂದು ಸಮಾಧಾನ ಹೇಳಿ.

ಈಗ ತಪ್ಪಿತಸ್ಥನನ್ನು ಆರಿಸಿ. ದೂರದವನನ್ನೇ ಆರಿಸಿ, ನಿಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಲ್ಲದವನನ್ನು. ಪಂಜಾಬ್, ಹರಿಯಾಣದ ರೈತ ಇದಕ್ಕೆ ಹೇಳಿಮಾಡಿಸಿದ ಮನುಷ್ಯ. ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂಬ ನ್ಯಾಯವನ್ನು ಇಲ್ಲಿ ಧಾರಾಳವಾಗಿ ಬಳಸಿ: ನಿಮ್ಮ ಕಾರಿನದು ಬರಿಯ ಹೊಗೆ, ಅವನ ಗದ್ದೆಯದು ಮಾಲಿನ್ಯ. ಅಂತರ್ಜಲ ಉಳಿಸಲು ಪಂಜಾಬ್ 2009ರಲ್ಲಿ ಕಾನೂನು ತಂದು ನಾಟಿಯನ್ನು ಜೂನ್‌ಗೆ ತಳ್ಳಿತು, ಅದರಿಂದ ಕೊಯ್ಲು ತಡವಾಯಿತು, ಗೋಧಿ ಬಿತ್ತಲು ಎರಡು ಮೂರು ವಾರವಷ್ಟೇ ಉಳಿಯಿತು, ಕೂಳೆಗೆ ಬೆಂಕಿ ಕೊಡುವುದೇ ಅಗ್ಗದ ದಾರಿಯಾಯಿತು ಎಂದು ಯಾರಾದರೂ ಬಿಡಿಸಿ ಹೇಳತೊಡಗಿದರೆ ಎದ್ದುಹೋಗಿ. ಅಂಥ ಮಾತು ಕೊನೆಗೆ ನಿಮ್ಮ ತಟ್ಟೆಯ ಅನ್ನಕ್ಕೇ ಬಂದು ಮುಟ್ಟುತ್ತದೆ. ಒಂದು ತೊಡಕಿದೆ: ಡಿಸೆಂಬರಿನ ಹೊತ್ತಿಗೆ ಕೂಳೆ ಸುಡುವುದು ಮುಗಿದಿರುತ್ತದೆ, ಹೊಗೆ ಮುಗಿದಿರುವುದಿಲ್ಲ. ಆಗ ರೈತನನ್ನು ಬಿಟ್ಟು ಗಾಳಿಯನ್ನು ಹಿಡಿಯಿರಿ. "ಗಾಳಿ ನಿಂತಿದೆ" ಎನ್ನಿ. ನಿಂತ ಗಾಳಿಯ ಮೇಲೆ ಕೇಸು ಹಾಕಿದವರು ಯಾರೂ ಇಲ್ಲ.

ಕಾರಿನ ವಿಷಯಕ್ಕೆ ಬಂದಾಗ ನಿಧಾನಿಸಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ. 2016ರ ಜನವರಿ ಮತ್ತು ಏಪ್ರಿಲ್‌ನಲ್ಲಿ, ಮತ್ತೆ 2019ರ ನವೆಂಬರಿನಲ್ಲಿ ದಿಲ್ಲಿ ಸರ್ಕಾರ ಸಮ-ಬೆಸ ಪದ್ಧತಿ ತಂದು ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಕಾರು ರಸ್ತೆಗಿಳಿಸಿತು. ಅವಿವೇಕಿಗಳು ಆಗ ಬಸ್ಸು ಹತ್ತಿದರು. ನೀವು ಇನ್ನೊಂದು ಕಾರು ಕೊಳ್ಳಿ. ಮೊದಲನೆಯದು ಸಮವಾಗಿದ್ದರೆ ಎರಡನೆಯದು ಬೆಸ ಇರಲಿ, ಅಂಕಿ ಕೇಳಿ ಪಡೆಯಿರಿ. ಗ್ರಾಪ್ ಮೂರನೆಯ ಹಂತಕ್ಕೇರಿ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳು ಮನೆಯಲ್ಲಿ ಕೂರಬೇಕಾದಾಗ ಕೊರಗಬೇಡಿ. ಮೊದಲಿನದಕ್ಕಿಂತ ದೊಡ್ಡದಾದ ಹೊಸ ಎಸ್‌ಯುವಿ ತನ್ನಿ, ಪರಿಸರಕ್ಕಾಗಿ ತಂದೆ ಎಂದು ಹೇಳಿ. ಹತ್ತು ವರ್ಷ ತುಂಬಿದ ಹಳೆಯ ಡೀಸೆಲ್ ಕಾರನ್ನು ಎನ್‌ಒಸಿ ಮಾಡಿಸಿ ಬೇರೆ ರಾಜ್ಯಕ್ಕೆ ಸಾಗಿಸಿ. ದಾವಣಗೆರೆಯ ಭಾವಮೈದುನನಿಗೆ ಕೊಟ್ಟರೆ ಇನ್ನೂ ಒಳ್ಳೆಯದು, ದಿಲ್ಲಿಯೂ ಶುದ್ಧವಾಯಿತು, ಹೊಗೆಯೂ ಮನೆತನದಲ್ಲೇ ಉಳಿಯಿತು. ಕೆಂಪು ದೀಪದಲ್ಲಿ ಎಂಜಿನ್ ಆರಿಸಿ ಎಂಬ ಅಭಿಯಾನ 2020ರಲ್ಲಿ ಶುರುವಾಯಿತು. ಫಲಕ ಹಿಡಿದ ಹುಡುಗ ನಿಮ್ಮ ಕಿಟಕಿಯ ಬಳಿ ಬಂದಾಗ ಆರಿಸಿ, ಹೆಬ್ಬೆರಳು ತೋರಿಸಿ. ಅವನು ಹಿಂದಿನ ಕಾರಿನತ್ತ ಸರಿದೊಡನೆ ಚಾಲೂ ಮಾಡಿ, ಏಸಿ ನಿಂತರೆ ಸೆಕೆಯಾಗುತ್ತದೆ. ಮೆಟ್ರೊವನ್ನು ಮನಸಾರೆ ಹೊಗಳಿ. ಊರಿಂದ ಬಂದ ನೆಂಟರನ್ನು ಅದರಲ್ಲೇ ಕಳಿಸಿ.

ಮನೆಯೊಳಗೆ ಕೆಲಸ ಸುಲಭ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಪಟ್ಟಿ ಅಂಟಿಸಿ, ಕೋಣೆಗೊಂದು ಏರ್ ಪ್ಯೂರಿಫೈಯರ್ ಇಡಿ. ಗಾಳಿ ಸಾರ್ವಜನಿಕ ಸ್ವತ್ತಾಗಿರುವವರೆಗೆ ತಾನೇ ಅದರ ಚಿಂತೆ? ಮೀಟರಿಗೆ ಹತ್ತಿಸಿಕೊಂಡ ಮೇಲೆ ಅದು ನಿಮ್ಮದು. ಒಂದು ಎಚ್ಚರಿಕೆ, ಇದನ್ನು ಯಂತ್ರ ಮಾರುವವನು ಹೇಳುವುದಿಲ್ಲ: ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಚಟಪಟ ಅಂದ ಕೂಡಲೇ ಅದರ ದೀಪ ಕೆಂಪಾಗಿ ಬೊಬ್ಬೆ ಹೊಡೆಯುತ್ತದೆ. ಸಾರನ್ನು ಬಿಡಬೇಡಿ, ಯಂತ್ರವನ್ನು ಮಲಗುವ ಕೋಣೆಗೆ ಸರಿಸಿ. ಮುಂಜಾನೆ ಮಂಜಿನಲ್ಲಿ ಬಂದು ಪಾತ್ರೆ ತೊಳೆಯುವ ಹೆಂಗಸು ಕೆಮ್ಮಿದರೆ ಮಾಸ್ಕ್ ಹಾಕಿಕೊಳ್ಳಲು ಹೇಳಿ. ಅವಳು ರಾತ್ರಿ ಯಾವ ಗಾಳಿ ಕುಡಿಯುತ್ತಾಳೆಂದು ಕೇಳಬೇಡಿ, ಅದು ಅವಳ ಖಾಸಗಿ ವಿಷಯ.

ಯಮುನೆಗೆ ಹೆಚ್ಚು ಹೊತ್ತು ಬೇಡ. ವರ್ಷಕ್ಕೊಮ್ಮೆ ಛಠ್ ಪೂಜೆಯ ವೇಳೆಗೆ ಕಾಲಿಂದಿ ಕುಂಜ್‌ನ ಬಿಳಿ ನೊರೆಯ ಫೋಟೊ ಹಂಚಿ, ಶೌಚದ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸದೆ ಫ್ಲಶ್ ಒತ್ತಿ.

ಸಾರ್ವಜನಿಕ ಸೇವೆ ಮಾಡಲೇಬೇಕೆನ್ನಿಸಿದರೆ ಗಿಡ ನೆಡಿ. ಜೂನ್ 5, ವಿಶ್ವ ಪರಿಸರ ದಿನ, ಇದಕ್ಕೆ ಪ್ರಶಸ್ತವಾದ ಮುಹೂರ್ತ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಮಳೆ ಬರಲು ವಾರಗಳಿರುತ್ತವೆ, ಆದ್ದರಿಂದ ಮುಂದಿನ ವರ್ಷ ಅದೇ ಗುಂಡಿ ಖಾಲಿಯಾಗಿ ಸಿಗುತ್ತದೆ. ಹೊಸ ಗುಂಡಿ ತೋಡುವ ಖರ್ಚು ಉಳಿಯಿತು. ಹಳೆಯ ಬೇವಿನ ಮರ ಪಾರ್ಕಿಂಗಿಗೆ ಅಡ್ಡವಾಗಿದ್ದರೆ ಕಡಿಯಲು ಹೋಗಬೇಡಿ, ಅದಕ್ಕೆ 1994ರ ಮರ ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ಬುಡಕ್ಕೆ ಒತ್ತಿ ಕಾಂಕ್ರೀಟು ಸುರಿದು ಟೈಲ್ಸ್ ಹಾಕಿಸಿ, ಮಿಕ್ಕಿದ್ದನ್ನು ಮರವೇ ನೋಡಿಕೊಳ್ಳುತ್ತದೆ. ಬುಡದ ಸುತ್ತ ಒಂದು ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ ನಿಜ. ಟೇಪು ಹಿಡಿದು ಅಳೆಯಲು ಬರುವವರು ಯಾರು?

ಕನ್ನಡಿಗರ ಕೂಟಗಳಲ್ಲಿ ಮಾತಾಡಲು ಕರೆದರೆ ಸಾಲುಮರದ ತಿಮ್ಮಕ್ಕನ ಹೆಸರು ಹೇಳಿ. 2019ರಲ್ಲಿ ಇದೇ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಆ ತಾಯಿ ರಾಷ್ಟ್ರಪತಿಯ ತಲೆ ಮುಟ್ಟಿ ಹರಸಿದ್ದನ್ನು ನೆನೆದು ಕಣ್ಣೊರೆಸಿಕೊಳ್ಳಿ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಅವರು ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಆಲದ ಸಸಿಗಳನ್ನು ಬದುಕಿಸಿದರು ಎಂಬ ಭಾಗವನ್ನು ಬೇಗ ದಾಟಿಸಿ, ಕೊಡದ ಮಾತು ಬಂದರೆ ಸಭೆ ಮುಜುಗರಪಡುತ್ತದೆ. ಮಾತು ಮುಗಿಸಿ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ಸ್ವೀಕರಿಸಿ.

ದೊಡ್ಡವರಿಂದಲೂ ಕಲಿಯಿರಿ. ಉಪಯೋಗವಾಗುವುದಕ್ಕಿಂತ ಕಣ್ಣಿಗೆ ಬೀಳುವಂಥದ್ದನ್ನು ಮಾಡಿ. 2021ರ ಆಗಸ್ಟಿನಲ್ಲಿ ಕನಾಟ್ ಪ್ಲೇಸಿನಲ್ಲಿ ಕೋಟಿಗಟ್ಟಲೆ ಸುರಿದು ಗಾಳಿ ಶುದ್ಧೀಕರಿಸುವ ಗೋಪುರ ನಿಲ್ಲಿಸಿದರು. ಮುಂದೆ ಅದು ತಿಂಗಳುಗಟ್ಟಲೆ ಕೆಲಸ ನಿಲ್ಲಿಸಿತ್ತು, 2023ರ ನವೆಂಬರಿನಲ್ಲಿ ಕೋರ್ಟ್ ಗದರಿದ ಮೇಲೆ ಮತ್ತೆ ತಿರುಗಿತು. 2025ರ ಅಕ್ಟೋಬರ್ 28ರಂದು ಐಐಟಿ ಕಾನ್ಪುರದ ವಿಮಾನ ಮೋಡ ಬಿತ್ತನೆಗೆ ಹಾರಿತು, ಮೋಡದಲ್ಲಿ ತೇವಾಂಶ ಸಾಲದೆ ದಿಲ್ಲಿಗೆ ಮಳೆ ಬೀಳಲಿಲ್ಲ. ಎರಡರ ಫೋಟೊಗಳೂ ಚೆನ್ನಾಗಿ ಬಂದವು.

ಈಗ ಕೆಟ್ಟ ಮಾದರಿಗಳು. ಇಂಥವರ ಸಹವಾಸದಿಂದ ದೂರವಿರಿ. 1985ರಲ್ಲಿ ಎಂ.ಸಿ. ಮೆಹ್ತಾ ಎಂಬ ವಕೀಲರು ದಿಲ್ಲಿಯ ಹೊಗೆಯ ಮೇಲೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿ, ಹಂಗಾಮು ಮುಗಿದ ಮೇಲೂ ಬಿಡದೆ ಕೂತರು. 1998ರಲ್ಲಿ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂಬ ಆದೇಶ ಬಂತು, 2002ರ ಕೊನೆಗೆ ನಗರದ ಡೀಸೆಲ್ ಬಸ್ಸುಗಳು ಮಾಯವಾದವು. ಒಬ್ಬ ಮನುಷ್ಯ, ಹದಿನೇಳು ವರ್ಷ. ನಿಮಗೆ ಅಷ್ಟು ಬಿಡುವಿದೆಯೇ? 2015ರಲ್ಲಿ ಮೂರು ಎಳೆಯ ಕೂಸುಗಳು ಅಪ್ಪಂದಿರ ಮೂಲಕ ಪಟಾಕಿಯ ವಿರುದ್ಧ ಅದೇ ಕೋರ್ಟಿಗೆ ಹೋದವು. 2018ರ ಜೂನ್‌ನಲ್ಲಿ ಸರೋಜಿನಿ ನಗರದ ಸುತ್ತ ಸರ್ಕಾರಿ ವಸತಿಗಾಗಿ ಸಾವಿರಾರು ಮರಗಳಿಗೆ ಕೊಡಲಿ ಬೀಳುವುದಿತ್ತು. ಜನ ಸುಡುಬಿಸಿಲಿನಲ್ಲಿ ಬಂದು ಮರ ತಬ್ಬಿ ನಿಂತರು, ಹೈಕೋರ್ಟ್ ತಡೆ ಕೊಟ್ಟಿತು. ಗುರುಗ್ರಾಮದಲ್ಲಂತೂ ಗಣಿಯಿಂದ ಬರಡಾದ 380 ಎಕರೆಗೂ ಹೆಚ್ಚು ನೆಲದಲ್ಲಿ ಊರವರು 2010ರಿಂದ ಬಳ್ಳಾರಿ ಜಾಲಿ ಕಿತ್ತು ಅರಾವಳಿಯ ಮರಗಳನ್ನೇ ಬೆಳೆಸಿದರು. ಈಗ ಅಲ್ಲಿ ಕಾಡು ಎದ್ದಿದೆ, ಹಕ್ಕಿಗಳ ಗಲಾಟೆ ತಡೆಯಲಾಗುವುದಿಲ್ಲ. ಇವರೆಲ್ಲ ಮಾಡಿದ ತಪ್ಪು ಒಂದೇ: ಮುಂದಿನ ವರ್ಷವೂ ಬಂದರು.

ಬೀದಿಗಿಳಿಯುವ ಚಪಲವನ್ನೂ ಅದುಮಿಕೊಳ್ಳಿ. 2025ರ ನವೆಂಬರ್ 9ರಂದು ತಂದೆತಾಯಂದಿರು ಮಕ್ಕಳ ಕೈಹಿಡಿದು ಉಸಿರಾಡಲು ಗಾಳಿ ಕೊಡಿ ಎಂದು ಕೇಳಲು ಇಂಡಿಯಾ ಗೇಟಿಗೆ ಹೋದರು. ಅನುಮತಿ ಇಲ್ಲವೆಂದು ಪೊಲೀಸರು ಹಲವರನ್ನು ಬಸ್ಸು ಹತ್ತಿಸಿ ಒಯ್ದರು. ನೀವು ಬಾಲ್ಕನಿಯಲ್ಲಿ ಮಾಸ್ಕ್ ಹಾಕಿ ನಿಂತು, ಹಿಂದೆ ಬೂದಿ ಬಣ್ಣದ ಸೂರ್ಯ ಬರುವಂತೆ ಸೆಲ್ಫಿ ತೆಗೆದುಕೊಳ್ಳಿ.

ಕೊನೆಯದು ಗೇಟಿನ ಕಾವಲುಗಾರ. ಜನವರಿಯ ರಾತ್ರಿ ಅವನು ರಟ್ಟು, ಒಣಗಿದೆಲೆ, ಒಮ್ಮೊಮ್ಮೆ ಹಳೆಯ ಚಪ್ಪಲಿ ಸೇರಿಸಿ ಬೆಂಕಿ ಹಾಕಿಕೊಂಡು ಕೂತಿರುತ್ತಾನೆ. ಬಾಲ್ಕನಿಯಿಂದಲೇ ಫೋಟೊ ತೆಗೆದು 'ಗ್ರೀನ್ ದಿಲ್ಲಿ' ಆ್ಯಪಿಗೆ ಹಾಕಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವಿದೆ ಎಂದು ನಿವಾಸಿಗಳ ಗುಂಪಿನಲ್ಲಿ ನೆನಪಿಸಿ. ಚಳಿಗಾಲದಲ್ಲಿ ಕಾವಲುಗಾರರಿಗೆ ವಿದ್ಯುತ್ ಹೀಟರ್ ಒದಗಿಸುವುದು ನಿವಾಸಿ ಸಂಘಗಳ ಕೆಲಸ ಎಂದು ಅದೇ ಗ್ರಾಪ್ ನಿಯಮಗಳಲ್ಲಿ ಬರೆದಿದೆ. ಆ ಪುಟ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ, ವಿದ್ಯುತ್ ಬಿಲ್ಲು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಎತ್ತಿ. ಫೆಬ್ರುವರಿಯವರೆಗೆ ಚರ್ಚೆಗೆ ಅದೊಂದೇ ಸಾಕು. ಹಾಗೆ ನೋಡಿದರೆ ಒಂದು ಹೀಟರಿನ ಬೆಲೆ ನಿಮ್ಮ ಪ್ಯೂರಿಫೈಯರಿಗೆ ಹಾಕುವ ಹೊಸ ಫಿಲ್ಟರಿಗಿಂತ ಕಡಿಮೆ. ಸಭೆಯಲ್ಲಿ ಯಾರಾದರೂ ಈ ಲೆಕ್ಕ ತೆಗೆದರೆ, ಪಾರ್ಕಿಂಗ್ ವಿಷಯಕ್ಕೆ ಹೋಗಿಬಿಡಿ.