ಆಕ್ಯುಪೇಶನಲ್ ಥೆರಪಿ: ಪೋಷಕರಿಗೊಂದು ಬಳಕೆ ಕೈಪಿಡಿ

ಬಳಸುವ ಮುನ್ನ ಸೂಚನೆಗಳನ್ನು ಪೂರ್ತಿ ಓದಿಕೊಳ್ಳಿ. ಇಲ್ಲಿ ಉತ್ಪನ್ನ ಎಂದರೆ ಮಗು ಅಲ್ಲ. ಮಗುವಿನ ತಯಾರಿಕೆಯಲ್ಲಿ ದೋಷವೇನೂ ಇಲ್ಲ. ಆಸ್ಪತ್ರೆ, ಇಲಾಖೆ, ವಿಮೆ, ಶಾಲೆ, ಬಂಧುಬಳಗ ಎಲ್ಲ ಸೇರಿ ಆಗಿರುವ ಒಂದು ದೊಡ್ಡ ಯಂತ್ರವಿದೆ, ಈ ಕೈಪಿಡಿ ಅದಕ್ಕೆ ಸಂಬಂಧಿಸಿದ್ದು. ಯಂತ್ರಕ್ಕೆ ಸ್ವಿಚ್ ಇದೆ. ಎಲ್ಲಿದೆ ಎಂದು ಯಾರೂ ಬರೆದಿಟ್ಟಿಲ್ಲ.

ಭಾಗ 1: ಯಾವಾಗ ಬೇಕಾಗುತ್ತದೆ

ನಿಮ್ಮ ಮಗು ಐದು ತುಂಬಿದರೂ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತದೆಯೇ? ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆಯೇ? ಉಗುರು ಕತ್ತರಿಸಲು ಮನೆಮಂದಿಯೆಲ್ಲ ಸೇರಿ ಹಿಡಿದುಕೊಳ್ಳಬೇಕೇ? ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿ ಕೂಗುತ್ತದೆಯೇ? ಬಾಯಿಗೆ ತುತ್ತು ಹೋಗುವಷ್ಟರಲ್ಲಿ ಅರ್ಧ ಅನ್ನ ನೆಲದ ಪಾಲಾಗುತ್ತದೆಯೇ? ಇಂಥವು ಒಂದೆರಡಿದ್ದ ಮಾತ್ರಕ್ಕೆ ಕಾಯಿಲೆ ಎಂದರ್ಥವಲ್ಲ. ಮಕ್ಕಳ ವೈದ್ಯರಿಗೆ ತೋರಿಸಬೇಕು ಎಂದರ್ಥ. ಮಗು ತನ್ನ ದಿನದ ಕೆಲಸಗಳನ್ನು, ಅಂದರೆ ಉಣ್ಣುವುದು, ಉಡುವುದು, ಬರೆಯುವುದು, ಆಡುವುದನ್ನು ತಾನೇ ಮಾಡಿಕೊಳ್ಳುವಂತೆ ಪಳಗಿಸುವವರೇ ಆಕ್ಯುಪೇಶನಲ್ ಥೆರಪಿಸ್ಟ್, ಎಲ್ಲರ ಬಾಯಲ್ಲಿ 'ಓಟಿ'. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳು ಇವರ ಹತ್ತಿರ ಹೋಗುತ್ತಾರೆ. ಯಾವ ಹೆಸರೂ ಅಂಟದ, ಸುಮ್ಮನೆ 'ಭಾಳ ಎಡವ್ತಾನೆ' ಎನಿಸಿಕೊಂಡ ಮಕ್ಕಳೂ ಹೋಗುತ್ತಾರೆ.

ಭಾಗ 2: ಬಂಧುಗಳ ಧ್ವನಿ ತಗ್ಗಿಸುವುದು

ಯಂತ್ರ ಚಾಲೂ ಆದೊಡನೆ ಮೊದಲು ಬರುವ ಸದ್ದು ಇದು. "ಅವರಪ್ಪನೂ ಹಿಂಗೇ ಇದ್ದ, ಈಗ ಇಂಜಿನಿಯರ್ ಆಗಿಲ್ವೇನೇ?" "ಬಜೆ ತೇಯ್ದು ನಾಲಿಗೆಗೆ ಹಚ್ಚು." "ನೀನು ಕೆಲಸಕ್ಕೆ ಹೋಗ್ತೀಯಲ್ಲ, ಅದಕ್ಕೇ." ಈ ಸದ್ದನ್ನು ಪೂರ್ತಿ ನಿಲ್ಲಿಸುವ ಗುಂಡಿ ಇಲ್ಲ. ತಗ್ಗಿಸಲು ಒಂದು ವಿಧಾನವಿದೆ: "ಆಯ್ತು ಅತ್ತೆ, ಬಜೆನೂ ಹಚ್ಚೋಣ, ಡಾಕ್ಟರಿಗೂ ತೋರ್ಸೋಣ" ಎಂದು ಹೇಳಿ ಎರಡನೆಯದನ್ನು ಮಾತ್ರ ಮಾಡಿ. 'ಕಾದು ನೋಡೋಣ' ಎನ್ನುವವರಿಗೆ ಕಾಯಲು ಪುರುಸೊತ್ತಿದೆ. ಮಗುವಿನ ಮಿದುಳು ಬಲುಬೇಗ ಕಲಿಯುವ ಮೊದಲ ವರ್ಷಗಳಿಗೆ ಅಷ್ಟು ಪುರುಸೊತ್ತಿಲ್ಲ.

ಭಾಗ 3: ಓಟಿಯನ್ನು ಪತ್ತೆ ಹಚ್ಚುವುದು

ಹಂತ ಒಂದು: ಅಂಗನವಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಸಂಚಾರಿ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವಿಗೆ ಹೊಸ ಅಂಗಿ ತೊಡಿಸಿ, ಮುದ್ದಾಗಿ ಕೂರಿಸಿ, ಎಲ್ಲ ಚೆನ್ನಾಗಿದೆ ಎಂದು ತೋರಿಸುವ ಹುಮ್ಮಸ್ಸು ಬೇಡ. ಕಷ್ಟವನ್ನು ಬಿಡಿಸಿ ಹೇಳಿ.

ಹಂತ ಎರಡು: ಆ ತಂಡ ಕಳಿಸಿಕೊಡುವ ಜಾಗ ಡಿಇಐಸಿ. ಜಿಲ್ಲಾ ಆಸ್ಪತ್ರೆಯ ಮಟ್ಟದ ಈ ಕೇಂದ್ರದಲ್ಲಿ 18 ವರ್ಷದೊಳಗಿನವರ ತಪಾಸಣೆ, ಥೆರಪಿ ಎರಡೂ ಉಚಿತ. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಓಟಿ ಇದ್ದಾರೆಯೇ, ಫಿಸಿಯೋಥೆರಪಿಸ್ಟ್ ಮಾತ್ರ ಇದ್ದಾರೆಯೇ, ಅಥವಾ ಹುದ್ದೆ ಮಾತ್ರ ಇದೆಯೇ? ಮೂರನೆಯ ಉತ್ತರ ಬಂದರೆ ಗಾಬರಿಯಾಗಬೇಡಿ. ಖಾಲಿ ಹುದ್ದೆಯೂ ಯಂತ್ರದ ಮಾಮೂಲಿ ಭಾಗವೇ.

ಹಂತ ಮೂರು: ದೊಡ್ಡ ಸಂಸ್ಥೆಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಣಿಪಾಲದಲ್ಲಿ ಓಟಿ ಕಲಿಸುವ ವಿಭಾಗವೇ ಇದೆ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದಲೂ, ಅಂಗವಿಕಲರಿಗಾಗಿಯೇ ಇರುವ ಎಪಿಡಿ ಸಂಸ್ಥೆ 1959ರಿಂದಲೂ ಕೆಲಸ ಮಾಡುತ್ತಿವೆ. ನೀವು ಬೆಂಗಳೂರು, ಮೈಸೂರು ಅಥವಾ ಕರಾವಳಿಯವರಾದರೆ ಈ ಹಂತ ಸುಲಭ. ಸಿಂಧನೂರು, ಇಂಡಿ, ಚಳ್ಳಕೆರೆಯವರು ಪಕ್ಕದ ಪುಟದ ನಕ್ಷೆ ನೋಡಿ. ಪಕ್ಕದ ಪುಟ ಇನ್ನೂ ಅಚ್ಚಾಗಿಲ್ಲ.

ಹಂತ ನಾಲ್ಕು: ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಶಿಕ್ಷಣ ಇಲಾಖೆಯ ಕಡೆಯಿಂದ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ಇವರು ಓಟಿಗಳಲ್ಲ. ಆದರೆ ಯಾವ ಅರ್ಜಿ ಯಾವ ಕಿಟಕಿಯಲ್ಲಿ ಸಿಗುತ್ತದೆ, ಯಾವ ದಿನ ಶಿಬಿರ ಎಂಬುದು ಇವರಿಗೆ ಗೊತ್ತಿರುತ್ತದೆ. ಇವರ ಮೊಬೈಲ್ ನಂಬರನ್ನು ಗ್ಯಾಸ್ ಬುಕಿಂಗ್ ನಂಬರಿಗಿಂತ ಮೇಲೆ ಬರೆದಿಟ್ಟುಕೊಳ್ಳಿ.

ಭಾಗ 4: ಅಸಲಿ ಗುರುತಿಸುವುದು

ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಲೆ ತೆರೆದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಭಾರತಕ್ಕೆ ಬಂದ ಆಕೆ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಇಷ್ಟು ಹಳೆಯ ವೃತ್ತಿಗೆ ಕೇಂದ್ರ ಸರ್ಕಾರ ಒಂದು ಆಯೋಗದ ಕಾನೂನು ಮಾಡಿದ್ದು 2021ರಲ್ಲಿ. ನಡುವಿನ ಅವಧಿಯಲ್ಲಿ ಒಂದು ಉಯ್ಯಾಲೆ, ಒಂದು ದೊಡ್ಡ ರಬ್ಬರ್ ಚೆಂಡು, ಗೋಡೆಗೆ ಕಾರ್ಟೂನ್ ಇದ್ದರೆ ಥೆರಪಿ ಸೆಂಟರ್ ಎಂದು ಬೋರ್ಡು ಹಾಕಬಹುದಿತ್ತು. ಆದ್ದರಿಂದ ಕೇಳಿ: ಪದವಿ ಯಾವುದು? ಓಟಿ ಎಂದರೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೀರಿದ ಓದು, ವಾರಾಂತ್ಯದ ಸರ್ಟಿಫಿಕೇಟ್ ಅಲ್ಲ. ಕೇಳಲು ಸಂಕೋಚವಾದರೆ, ಫೀಸು ಕೇಳುವಾಗ ಅವರಿಗೆ ಸಂಕೋಚವಾಗುವುದಿಲ್ಲ ಎಂಬುದನ್ನು ನೆನೆಯಿರಿ.

ಎರಡನೆಯ ಪ್ರಶ್ನೆ: ಗುರಿ ಏನು? 'ಸೆನ್ಸರಿ ಮಾಡ್ತೀವಿ' ಎಂಬುದು ಉತ್ತರವಲ್ಲ. ಸ್ಪರ್ಶ, ಸದ್ದು, ದೇಹದ ತೂಗಾಟ ಇವನ್ನೆಲ್ಲ ಮಿದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂದು ಅಮೆರಿಕದ ಜೀನ್ ಏಯರ್ಸ್ 1972ರ ಪುಸ್ತಕದಲ್ಲಿ ವಿವರಿಸಿದರು. ಸೆಂಟರುಗಳಲ್ಲಿ ಕಾಣುವ ಉಯ್ಯಾಲೆಯ ಹಿಂದೆ ಆ ಚಿಂತನೆಯಿದೆ. ಅದು ಬರಿ ಆಟವಲ್ಲ. ಆದರೆ ಉಯ್ಯಾಲೆ ತೂಗಿ ಮುಗಿದ ಮೇಲೆ ಏನು ಬರಬೇಕು ಎಂಬುದು ಕಾಗದದ ಮೇಲಿರಬೇಕು: 'ಮೂರು ತಿಂಗಳಲ್ಲಿ ಚಮಚದಿಂದ ತಾನೇ ಮೊಸರನ್ನ ತಿನ್ನುವುದು.' ಕಲಿಯಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಅಭ್ಯಾಸ ಮಾಡಿಸುವ ವಿಧಾನಕ್ಕೆ, ಅದರಲ್ಲೂ ಸೆರೆಬ್ರಲ್ ಪಾಲ್ಸಿಯಲ್ಲಿ, ಗಟ್ಟಿ ಆಧಾರವಿದೆ. 'ನೂರಕ್ಕೆ ನೂರು ಗುಣ ಮಾಡ್ತೀವಿ' ಎನ್ನುವವರ ಮೆಟ್ಟಿಲನ್ನು ಬಂದ ದಾರಿಯಲ್ಲೇ ಇಳಿಯಿರಿ.

ಭಾಗ 5: ಕಾರ್ಡು ಪಡೆಯುವುದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿನ 7 ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಒಳಗೆ ಬಂದವು. ಎಡಿಎಚ್‌ಡಿ ಹೆಸರು ಪಟ್ಟಿಯಲ್ಲಿಲ್ಲ. ಆ ಮಕ್ಕಳ ಪೋಷಕರು ಈ ಭಾಗವನ್ನು ಹಾರಿಸಿ ನೇರ ಜೇಬಿಗೆ ಕೈ ಹಾಕಬಹುದು.

ಪಟ್ಟಿಯಲ್ಲಿರುವವರು ಸರ್ಕಾರದ ಪೋರ್ಟಲ್‌ನಲ್ಲಿ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಕರೆ ಬಂದ ದಿನ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅಲ್ಲಿ ಮಗುವನ್ನು ಶೇಕಡಾವಾರಿನಲ್ಲಿ ಅಳೆಯುತ್ತಾರೆ. 40ಕ್ಕಿಂತ ಕಡಿಮೆಯಾದರೆ ಬಿಳಿ ಕಾರ್ಡು, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹುಟ್ಟಿದಂದಿನಿಂದ ಮಗುವಿಗೆ ಹೆಚ್ಚು ಅಂಕ ಬರಲಿ ಎಂದು ಹರಕೆ ಹೊತ್ತವರು ಇಲ್ಲೂ ಹೆಚ್ಚು ಬರಲಿ ಎಂದು ಬೇಡಿಕೊಳ್ಳುತ್ತಾರೆ, ಬಂದ ಮೇಲೆ ಹೊರಗೆ ಬಂದು ಅಳುತ್ತಾರೆ. ಎರಡೂ ಸಹಜ, ಯಂತ್ರ ಕೆಟ್ಟಿಲ್ಲ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ತಾತ್ಕಾಲಿಕ ಪ್ರಮಾಣಪತ್ರ. ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಹಬ್ಬದ ಬಣ್ಣದಲ್ಲಿ ಗುರುತು ಮಾಡಿಡಿ.

ಭಾಗ 6: ಹಣ ತುಂಬುವುದು

ಲೆಕ್ಕಕ್ಕೆ ಒಂದು ಸೆಷನ್ 800 ರೂಪಾಯಿ ಎಂದು ಹಿಡಿಯೋಣ. ವಾರಕ್ಕೆ ಮೂರರಂತೆ ತಿಂಗಳಿಗೆ 12, ಅಂದರೆ 9,600. ವರ್ಷಕ್ಕೆ 1,15,200. ಸ್ಪೀಚ್ ಥೆರಪಿ ಬೇರೆ. ಆಟೋ ಬೇರೆ. ಕೆಲಸ ಬಿಟ್ಟ ಅಮ್ಮನ ಸಂಬಳ ಯಾವ ಲೆಕ್ಕಕ್ಕೂ ಇಲ್ಲ.

(ಅ) ಸಾಮಾನ್ಯ ಆರೋಗ್ಯ ವಿಮೆ: ಬಹುತೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರಷ್ಟೇ ಬಾಯಿ ತೆರೆಯುತ್ತವೆ. ಗುಂಡಿ ಹಾಕಲು ಕಲಿಯುವುದಕ್ಕೆ 24 ಗಂಟೆ ಅಡ್ಮಿಟ್ ಮಾಡಿಕೊಳ್ಳುವ ವಾರ್ಡು ಎಲ್ಲೂ ಇಲ್ಲ.

(ಆ) ನಿರಾಮಯ: 1999ರ ಕಾಯ್ದೆಯಂತೆ ಬಂದ ನ್ಯಾಷನಲ್ ಟ್ರಸ್ಟ್‌ನ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇದ್ದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹೊರರೋಗಿಯಾಗಿ ಪಡೆಯುವ ಥೆರಪಿಯೂ ಇದರಲ್ಲಿ ಸೇರುತ್ತದೆ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಬೇಡ. ನೋಂದಣಿಗೆ ಬಿಪಿಎಲ್ ಕುಟುಂಬಕ್ಕೆ 250, ಉಳಿದವರಿಗೆ 500 ರೂಪಾಯಿ ನಿಗದಿಯಾಗಿತ್ತು. ಲಕ್ಷ ಎಂದೊಡನೆ ಹಿಗ್ಗಬೇಡಿ, ಥೆರಪಿಗೆಂದು ಒಳಮಿತಿ ಬೇರೆ ಇದೆ. ವೈದ್ಯರ ಚೀಟಿ, ಮಗುವಿನ ಪೂರ್ತಿ ಹೆಸರು, ದಿನಾಂಕ, ಸಹಿ, ಮೊಹರು ಇರುವ ಅಸಲು ಬಿಲ್ಲುಗಳನ್ನು ಗಡುವಿನೊಳಗೆ ಕಳಿಸಿ. ಜೆರಾಕ್ಸ್ ಇಟ್ಟುಕೊಳ್ಳಿ. ಜೆರಾಕ್ಸಿನ ಜೆರಾಕ್ಸನ್ನೂ ಇಟ್ಟುಕೊಳ್ಳಿ.

(ಇ) ಆದಾಯ ತೆರಿಗೆ: 1961ರ ಕಾಯ್ದೆಯಲ್ಲಿ 80ಡಿಡಿ ಎಂದು ಹೆಸರಾದ ರಿಯಾಯಿತಿ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 40 ಶೇಕಡಾ ಅಥವಾ ಹೆಚ್ಚಿದ್ದರೆ 75,000, 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಶೇಕಡಾ 20ರ ಹಂತದಲ್ಲಿರುವವರಿಗೆ 75,000ದಿಂದ ಉಳಿಯುವುದು 15,000 ಮತ್ತು ಒಂದಿಷ್ಟು ಸೆಸ್. ಮೇಲಿನ ಲೆಕ್ಕದಲ್ಲಿ ಇದು ಎರಡು ತಿಂಗಳಿಗೂ ಸಾಲದು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಈ ರಿಯಾಯಿತಿಯಿಂದ ಪೂರ್ತಿ ರಿಯಾಯಿತಿ.

(ಈ) ಶಕ್ತಿ ಯೋಜನೆ: ಈ ಪಟ್ಟಿಯಲ್ಲಿ ಅರ್ಜಿ, ಮಂಡಳಿ, ಶೇಕಡಾ ಯಾವುದೂ ಬೇಡದ ಏಕೈಕ ನೆರವು ಇದು, ಅದೂ ಈ ಉದ್ದೇಶಕ್ಕೆ ಮಾಡಿದ್ದಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅಮ್ಮನ ಪ್ರಯಾಣ ಉಚಿತ. ಅಪ್ಪನಿಗೆ ಪೂರಾ ಟಿಕೆಟ್. ಥೆರಪಿ ಸೆಂಟರಿನ ಬೆಂಚಿನ ಮೇಲೆ ಅಪ್ಪಂದಿರು ಕಾಣದಿರುವುದಕ್ಕೆ ಇದೇ ಕಾರಣವಿರಬೇಕು, 2023ಕ್ಕೆ ಮೊದಲಿನದಕ್ಕೆ ಕಾರಣ ಹುಡುಕುತ್ತಿದ್ದೇವೆ.

ಭಾಗ 7: ಮನೆಯಲ್ಲಿ ಜೋಡಣೆ

ಸೆಷನ್ ಮುಕ್ಕಾಲು ಗಂಟೆ. ದಿನದ ಉಳಿದ ಹೊತ್ತೆಲ್ಲ ನಿಮ್ಮದೇ. ಥೆರಪಿಸ್ಟರನ್ನು ಕೇಳಿ, ಮನೆಯಲ್ಲಿರುವುದನ್ನೇ ಬಳಸಿ: ಚಪಾತಿ ಹಿಟ್ಟು ನಾದಿಸಿ, ಒದ್ದೆ ಬಟ್ಟೆ ಹಿಂಡಿಸಿ, ಚೆನ್ನೆಮಣೆಯ ಕಾಯಿಗಳನ್ನು ಎರಡೇ ಬೆರಳಲ್ಲಿ ಎತ್ತಿಸಿ, ನೆನೆಸಿದ ಅವರೆಕಾಳು ಹಿತಕಿಸಿ. ಹಿತಕಿದ ಬೇಳೆ ಸಾರೂ ಆಯಿತು, ಬೆರಳಿಗೆ ವ್ಯಾಯಾಮವೂ ಆಯಿತು. ಎಚ್ಚರಿಕೆ: ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೆ ಕಾಳು ಕೊಡಬೇಡಿ.

ದೋಷ ನಿವಾರಣೆ

ಮಗು ಸೆಂಟರಿನಲ್ಲಿ ಮಾಡುತ್ತದೆ, ಮನೆಯಲ್ಲಿ ಮಾಡುವುದಿಲ್ಲ: ಮನೆಯಲ್ಲಿ ನೀವೇ ಮಾಡಿಕೊಡುತ್ತಿದ್ದೀರಿ. ಕೈ ಕಟ್ಟಿ ಕೂತು ಕಾಯಿರಿ.

ಶಾಲೆಯವರು 'ನಮ್ಮಲ್ಲಿ ಕಷ್ಟ' ಎನ್ನುತ್ತಾರೆ: 2016ರ ಕಾಯ್ದೆಯ ಪ್ರತಿಯನ್ನು ಮೇಜಿನ ಮೇಲಿಡಿ. ಹಾಗೇ ನಗುತ್ತಾ ಕೂತಿರಿ.

ಥೆರಪಿಸ್ಟ್ ಬದಲಾದರು: ಮಗು ಮೊದಲಿನಿಂದ ಶುರು ಮಾಡುತ್ತದೆ, ಫೀಸು ಮಾತ್ರ ಹೊಸ ದರದಿಂದ ಶುರುವಾಗುತ್ತದೆ. ಹಳೆಯ ವರದಿಗಳ ಫೈಲು ಜತೆಗಿರಲಿ.

ವಾರಂಟಿ ಷರತ್ತುಗಳು

ಸಣ್ಣ ಅಕ್ಷರದ ಈ ಭಾಗವನ್ನು ಯಾರೂ ಓದುವುದಿಲ್ಲ, ಆದರೂ ಓದಿ. ಅದೇ 2016ರ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಸರ್ಕಾರ ಪುನರ್ವಸತಿ ಸೇವೆಗಳನ್ನು ಒದಗಿಸಬೇಕು, ಆದರೆ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಖಾಲಿ ಹುದ್ದೆಗಳು ತಂಗಿರುವುದು ಈ ಒಂದು ಮಾತಿನ ನೆರಳಲ್ಲೇ. ಒಡವೆ ಅಡವಿಡುವ ಅಪ್ಪನಿಗೆ, ಕೆಲಸ ಬಿಡುವ ಅಮ್ಮನಿಗೆ ಇಂಥ ಷರತ್ತು ಯಾವ ಕಾಯ್ದೆಯಲ್ಲೂ ಇಲ್ಲ. ಮಗುವಿನ ಕೊರತೆಯನ್ನು ಶೇಕಡಾವಾರು ಅಳೆಯಲು ಜಿಲ್ಲೆಗೊಂದು ಮಂಡಳಿ ಕೂರಿಸಲು ಬರುವ ಸರ್ಕಾರಕ್ಕೆ, ಆ ಮಗುವಿಗೆ ಗುಂಡಿ ಹಾಕಲು ಕಲಿಸುವ ಒಬ್ಬರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಲೂ ಬರಬೇಕು.

ಅಲ್ಲಿಯವರೆಗೆ ಪೋಷಕರಿಗೆ ಎರಡೇ ಮಾತು. ಕಾರ್ಡಿಗಾಗಿ ಥೆರಪಿಯನ್ನು ಕಾಯಿಸಬೇಡಿ, ಇವತ್ತೇ ಶುರು ಮಾಡಿ. ಮತ್ತು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಓಟಿ ಬೇಕೆಂದು ಶಾಸಕರಿಗೆ ಒಂದು ಅರ್ಜಿ ಬರೆಯಿರಿ. ಅದರ ಜೆರಾಕ್ಸ್ ಇಟ್ಟುಕೊಳ್ಳಿ.